ವಾಲಿದ ಹಕ್ಕಿ

ಉಕ್ಕಿಗೂ ಜಗ್ಗದ ಕೆಂಪು ಅಗೇಟ್ ಕಲ್ಲನ್ನು ಸಾಣೆ ಹಿಡಿದು ನಮ್ಮತ್ತೆ ಹಕ್ಕಿ ಮಾಡುತ್ತಿದ್ದಳು. ಅದಕ್ಕೆ ಬೆಳ್ಳಿಯ ಕಾಲು, ಪೀಠ ಕೂರಿಸುವುದು ಅವಳ ತಮ್ಮನಾದ ನಮ್ಮಪ್ಪನ ಕೆಲಸ. ಕೂರುವುದು ಒಂದೇ ಮೇಜಿಗೆ, ಮಾತು ಮಾತ್ರ ಬಿಟ್ಟು ವರ್ಷಗಳಾಗಿದ್ದವು. ಹೇಳುವುದೇನಿದ್ದರೂ ನಡುವೆ ನಮ್ಮಮ್ಮ ಬೇಕು, ಪಾಪ.

ಒಮ್ಮೆ ಅಪ್ಪ ಕಾಲುಗಳನ್ನು ಕೊಂಚ ಹಿಂದಕ್ಕೆ ಕೂರಿಸಿಬಿಟ್ಟ. ಹಕ್ಕಿ ಮುಗ್ಗರಿಸಿದಂತೆ ಮುಂದಕ್ಕೆ ವಾಲಿತು.

"ನಿಮ್ಮಕ್ಕನಿಗೆ ಏನಂತ ಹೇಳಲಿ?" ಅಂದಳು ಅಮ್ಮ.

ಅತ್ತೆ ಹಕ್ಕಿಯನ್ನು ತನ್ನತ್ತ ಎಳೆದುಕೊಂಡಳು. ಉಳಿದಿದ್ದ ಕಲ್ಲಿನ ಚೂರನ್ನು ಉಜ್ಜಿ ಉಜ್ಜಿ ಒಂದು ಕಾಳು ಮಾಡಿ, ಕೊಕ್ಕಿನ ಕೆಳಗೆ ಪೀಠಕ್ಕೆ ಅಂಟಿಸಿದಳು. ಮುಗ್ಗರಿಸಿದ್ದ ಹಕ್ಕಿ ಈಗ ಕಾಳು ಹೆಕ್ಕಲು ಬಾಗಿತ್ತು. ಅಂಥ ಕೈ ಅವಳದು.

ಅಪ್ಪ ಅದನ್ನು ಸುತ್ತ ತಿರುಗಿಸಿ ನೋಡಿದ. ಅಮ್ಮನ ಕಡೆ ತಿರುಗದೆ ಹೇಳಿದ: "ಕಾಳು ಸ್ವಲ್ಪ ದಪ್ಪ ಆಯ್ತಲ್ಲಕ್ಕ."