ಚಿನ್ನಿಯ ಮೂರು ಜೀವ

ಆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನೇರವಾಗಿ ನವಿ ಮುಂಬಯಿಯ ನೆರೂಳಿನಲ್ಲಿರುವ ಕಾರ್ಟೂನ್ ಕಂಪನಿಗೆ ಹೋದೆ. ಚಿನ್ನಿ ಎಂಬ ಬಾಯಿಬಡಕಿ ಹುಡುಗಿಯನ್ನು ಟಿವಿಗಾಗಿ ಸೃಷ್ಟಿಸಿದವರು ನನ್ನ ಗಂಡ. ಅವರು ತೀರಿಕೊಂಡ ಮೇಲೆ ಧಾರಾವಾಹಿ, ಕಾಮಿಕ್ಸ್, ಮೊಬೈಲ್ ಆಟ ಎಲ್ಲದರ ಹೊಣೆಯೂ ಅವರ ಸಹಾಯಕಿಯಾಗಿದ್ದ ರಶ್ಮಿಯ ಮೇಲೆ ಬಿದ್ದಿತ್ತು. ಉಡುಪಿ ಕಡೆಯವಳು.

ಆಟ ತಯಾರಿಸುವ ಯುವಕ ಪರದೆ ತೋರಿಸಿದ. ಚಿನ್ನಿ ಬಾವಿಗೆ ಬಿದ್ದು ಸತ್ತಳು. ಮರುಕ್ಷಣ ದಡದಲ್ಲಿ ಎದ್ದು ನಿಂತಳು.

“ತೀನ್ ಲೈಫ್ ತೋ ದೇನಾ ಪಡ್ತಾ ಹೈ, ಮೇಡಂ,” ಎಂದ. ಆಟವೆಂದ ಮೇಲೆ ಮೂರು ಜೀವ ಇರಲೇಬೇಕಂತೆ.

ರಶ್ಮಿ ನನ್ನತ್ತ ತಿರುಗಿದಳು. “ಟೀಚರ್, ಸರ್ ಇದ್ದಿದ್ರೆ ಒಪ್ತಿದ್ರಾ? ನೀವು ಹೇಳಿದ ಹಾಗೇ ಮಾಡ್ತೇನೆ.”

ಬೇಡ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಸತ್ತವಳು ಅಷ್ಟು ಸಲೀಸಾಗಿ ಎದ್ದು ಬರುವುದನ್ನು ನನ್ನಿಂದ ನೋಡಲಾಗಲಿಲ್ಲ. ಆದರೆ ನಾನು ಹೇಳಿದ್ದು ಅವರ ಮಾತಾಗುವುದಿಲ್ಲ. ಇವತ್ತು ಉತ್ತರ ಕೊಟ್ಟರೆ ನಾಳೆ ಪ್ರತಿ ಕಂತಿಗೂ ಈಕೆ ಡೊಂಬಿವಲಿಯ ನನ್ನ ಮನೆಗೆ ಫೋನು ಮಾಡುತ್ತಾಳೆ. ಚಿನ್ನಿ ಯಾರ ಕೈಯಲ್ಲೂ ಬೆಳೆಯುವುದಿಲ್ಲ.

“ಅವರನ್ನ ಕೇಳೋಕೆ ಆಗಲ್ಲ ರಶ್ಮಿ. ಅವರ ಬದಲಿಗೆ ನನ್ನನ್ನ ಕೇಳಬೇಡ. ಚಿನ್ನಿಯನ್ನ ಈಗ ಬರೆಯೋಳು ನೀನು. ನಿನಗೇನನ್ಸುತ್ತೆ?”

“ಸಾಯೋದು ಬೇಡ,” ಎಂದು ಮೊದಲು ನನಗೆ ಮೆಲ್ಲಗೆ ಹೇಳಿದಳು. ಆಮೇಲೆ ಅದನ್ನೇ ಆ ಯುವಕನಿಗೆ ಹಿಂದಿಯಲ್ಲಿ, ಜೋರಾಗಿ.

ಸಾಯದಿದ್ದರೆ ಬಿದ್ದವಳು ಇನ್ನೇನು ಮಾಡುತ್ತಾಳೆ ಎಂದು ಅವನು ರೇಗಿದ.

“ಬರೆದುಕೊಡ್ತೇನೆ ಮಾರಾಯ, ತಡಿ,” ಎಂದಳು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ತಡೆದ.

ಆಟ ಹೊರಬಂತು. ಬಿದ್ದಾಗಲೆಲ್ಲ ಚಿನ್ನಿ ಮಂಡಿಯ ಧೂಳು ಕೊಡವಿಕೊಂಡು, ಆಡುತ್ತಿರುವವರಿಗೇ ಬೈಯುತ್ತಾಳೆ.