ಸತ್ಯವತಿಯ ಶಾಖದ ಹಲಗೆ

ಇವತ್ತಿನ ಕಾಮಾಕ್ಷಿಪಾಳ್ಯದ ಹೊಗೆ, ಹಾರ್ನು, ನೂಕುನುಗ್ಗಲಿನ ಮಧ್ಯೆ ನಿಂತು, ಎಪ್ಪತ್ತನಾಲ್ಕರಲ್ಲಿ ಇಲ್ಲಿ ನಡುಮಧ್ಯಾಹ್ನ ಗುಬ್ಬಚ್ಚಿಗಳ ಸದ್ದು ಕೇಳಿಸುತ್ತಿತ್ತು ಎಂದರೆ ಯಾರಾದರೂ ನಕ್ಕುಬಿಡುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು! ಮಾಗಡಿ ರಸ್ತೆ ದಾಟಿದರೆ ರಾಗಿ ಹೊಲ, ಹೊಲದ ಅಂಚಿಗೆ ಹೊಂಗೆ ಮರ, ಅದರ ಪಕ್ಕದಲ್ಲೇ ಹೆಂಚು ಹೊದಿಸಿದ ಒಂದು ಸಣ್ಣ ಕಾರ್ಖಾನೆ. ರಾಜಾಜಿನಗರದ ಮನೆಯಿಂದ ಸತ್ಯವತಿ ದಿನಾ ಅಲ್ಲಿಗೆ ನಡೆದೇ ಹೋಗುತ್ತಿದ್ದಳು. ಚೈತ್ರ ಮಾಸದಲ್ಲೂ ಬೆಳಗಿನ ಜಾವ ಕಂಬಳಿ ಎಳೆದುಕೊಳ್ಳಬೇಕಾದ ಊರು ಅದು. ಅಷ್ಟು ದೂರ ಬಿರಬಿರನೆ ನಡೆದರೂ ಅವಳ ಹಣೆಯ ಕುಂಕುಮ ಕದಡುತ್ತಿರಲಿಲ್ಲ.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಮಗಳು ಬ್ಯಾಂಕು ಸೇರಲಿ ಎಂದು ಅಪ್ಪನ ಹಟ. ಬ್ಯಾಂಕಿನ ಪರೀಕ್ಷೆ ಕಟ್ಟು ಎಂದು ರಾತ್ರಿ ಊಟಕ್ಕೆ ಕೂತಾಗಲೆಲ್ಲ ಅದೇ ರಾಗ. ಇವಳಿಗೋ ಕಾರ್ಖಾನೆಯೇ ಪ್ರಾಣ. ಗಂಡಸರೇ ತುಂಬಿದ್ದ ಜಾಗಕ್ಕೆ ಹೆಣ್ಣುಮಗಳನ್ನು ತೆಗೆದುಕೊಳ್ಳುವ ಧೈರ್ಯ ಮಾಡಿದವರು ಮಾಲೀಕರಾದ ಗೋಪೀನಾಥ್. ಅವರು ತಯಾರಿಸುತ್ತಿದ್ದದ್ದು ದೊಡ್ಡ ಮೋಟಾರುಗಳನ್ನು ಮೆಲ್ಲಗೆ ಶುರು ಮಾಡಿಸುವ ಪೆಟ್ಟಿಗೆ. ಆ ಪೆಟ್ಟಿಗೆಯ ಜೀವ ಥೈರಿಸ್ಟರ್ ಎಂಬ ಪುಟ್ಟ ಬಿಲ್ಲೆಯಲ್ಲಿ. ಮೋಟಾರು ಶುರುವಾದಾಗಲೆಲ್ಲ ಬಿಲ್ಲೆ ಕಾಯುತ್ತದೆ, ಮಿತಿಮೀರಿ ಕಾದರೆ ಸುಟ್ಟು ಹೋಗುತ್ತದೆ. ಒಳಗೆ ಎಷ್ಟು ಕಾಯಿತು ಎಂದು ನೋಡೋಣವೆಂದರೆ ಅದರ ಹೊಟ್ಟೆಯೊಳಗೆ ಥರ್ಮಾಮೀಟರು ತೂರಿಸಲು ಆಗುವುದಿಲ್ಲವಲ್ಲ!

ಅದಕ್ಕೆ ಸತ್ಯವತಿ ಒಂದು ಉಪಾಯ ಕಂಡುಕೊಂಡಳು. ಹಿತ್ತಾಳೆ ತಪ್ಪಲೆ ಕಾಯುವುದಕ್ಕೂ ಹೊತ್ತು ಬೇಕು, ಆರುವುದಕ್ಕೂ ಹೊತ್ತು ಬೇಕು. ತಗಡಿನ ಲೋಟ ಹಾಗಲ್ಲ. ಪೆಟ್ಟಿಗೆಯೊಳಗೂ ಬಿಲ್ಲೆ, ತಾಮ್ರ, ಬಿಸಿಯನ್ನು ಗಾಳಿಗೆ ಬಿಡುವ ಅಲ್ಯುಮಿನಿಯಂ ರೆಕ್ಕೆ, ಒಂದೊಂದರದೂ ಒಂದೊಂದು ಗುಣ. ಆ ಗುಣಕ್ಕೆ ತಕ್ಕಂಥ ಕೆಪಾಸಿಟರು, ರೆಸಿಸ್ಟರುಗಳನ್ನು ಅವಳು ಮರದ ಹಲಗೆಯ ಮೇಲೆ ಸಾಲಾಗಿ ಬೆಸೆದಳು. ಶಾಖ ಹರಿಯುವ ಹಾಗೆಯೇ ಅದರಲ್ಲಿ ಕರೆಂಟು ಹರಿಯುತ್ತಿತ್ತು. ಮೀಟರಿನ ಮುಳ್ಳು ಎಲ್ಲಿಗೇರಿತೋ ಬಿಲ್ಲೆಯ ಬಿಸಿ ಅಷ್ಟು ಎಂದರ್ಥ. ಕೆಂಪು ಗೆರೆ ದಾಟಿದರೆ ಬಿಲ್ಲೆ ಉಳಿಯುವುದಿಲ್ಲ.

"ಏನಮ್ಮಾ, ಇವತ್ತು ಯಾರ ಜಾತಕ ನೋಡ್ತಾ ಇದೀರಿ?" ಎಂದು ಜೋಡಣೆಯ ಮೇಸ್ತ್ರಿ ವೆಂಕಟಗಿರಿ ರೇಗಿಸುತ್ತಿದ್ದರು. "ನಿಮ್ಮ ಪೆಟ್ಟಿಗೇದೇ ಕಣ್ರೀ, ಆಯಸ್ಸು ಗಟ್ಟಿ ಇದೆ" ಎಂದು ಅವಳೂ ಬಿಟ್ಟುಕೊಡುತ್ತಿರಲಿಲ್ಲ. ಇಡೀ ಕಾರ್ಖಾನೆ ನಗುತ್ತಿತ್ತು. ಎಂಥ ನಗು ಅಂತೀರಿ! ಈಗ ಯಾವ ಆಫೀಸಿನಲ್ಲೂ ಹಾಗೆ ನಗುವುದಿಲ್ಲ.

ರಾಯಚೂರಿನ ಹತ್ತಿ ಮಿಲ್ಲಿಗೆ ಹೋದ ಪೆಟ್ಟಿಗೆಯನ್ನೂ ಹಲಗೆ ಪಾಸು ಮಾಡಿತ್ತು. ಸಂಕ್ರಾಂತಿಯ ಹೊತ್ತಿಗೆ ಕೂಡಿಸಿದ್ದು, ಚೆನ್ನಾಗಿಯೇ ನಡೆಯಿತು. ಏಪ್ರಿಲ್ ಬಂದದ್ದೇ ತಡ, ಬಿಲ್ಲೆ ಸುಟ್ಟಿತು. ಹೊಸದು ಕಳಿಸಿದರು, ಅದೂ ಸುಟ್ಟಿತು. ವೆಂಕಟಗಿರಿ ರೇಗಿಸುವುದನ್ನು ನಿಲ್ಲಿಸಿದರು, ಅವಳಿಗೆ ಅದೇ ಹೆಚ್ಚು ಚುಚ್ಚಿತು. ಬೆಸುಗೆಗಳನ್ನೆಲ್ಲ ಬಿಚ್ಚಿ ನೋಡಿದಳು, ಮತ್ತೆ ಬೆಸೆದಳು. ಎಷ್ಟು ಸಲ ನೋಡಿದರೂ ಮುಳ್ಳು ಕೆಂಪು ಗೆರೆಗಿಂತ ಕೆಳಗೇ ನಿಲ್ಲುತ್ತಿತ್ತು.

ಗೋಪೀನಾಥ್ ಅವಳನ್ನು ಕರೆದು ಕೂರಿಸಿದರು. "ಸತ್ಯವತಿ, ನಿಮ್ಮ ಹಲಗೆ ನಂಬಿ ನಾನು ಎಲ್ಲರ ಹತ್ರಾನೂ ವಾದ ಮಾಡಿದೀನಿ. ಇನ್ನೊಂದು ಸಲ ಸುಟ್ರೆ ನನ್ನ ಕೈಲಿ ಆಗಲ್ಲ ಕಣಮ್ಮಾ. ಹಲಗೆ ಎತ್ತಿಡ್ಬೇಕು. ನಿಮಗೂ ಇಲ್ಲಿ ಬೇರೆ ಕೆಲಸ ಇಲ್ಲ." ಅವರ ಮುಖ ನೋಡಿದರೆ ಹೇಳುವವರಿಗೇ ಹೆಚ್ಚು ಕಷ್ಟವಾಗುತ್ತಿದ್ದಂತಿತ್ತು. ಸತ್ಯವತಿ ಆ ರಾತ್ರಿ ಊಟಕ್ಕೆ ಕೂತು, ಅಪ್ಪ ಬ್ಯಾಂಕಿನ ಮಾತು ತೆಗೆದಾಗ ಮೊದಲ ಸಲ ಎದುರಾಡಲಿಲ್ಲ.

ಮೇ ತಿಂಗಳಲ್ಲಿ ಮಿಲ್ಲಿನ ಮೆಕ್ಯಾನಿಕ್ ಅಮರಪ್ಪ ಎರಡನೇ ಸಲ ಸುಟ್ಟ ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಾನೇ ಬಂದ. ಅವತ್ತು ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. "ಅಬ್ಬಾ, ಏನ್ ಸೆಕೆ! ಈ ವರ್ಷ ಬೆಂದೇ ಹೋಗ್ತೀವಿ" ಎನ್ನುತ್ತ ವೆಂಕಟಗಿರಿ ರಟ್ಟಿನ ಚೂರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಅಮರಪ್ಪ ಬೆಂಚಿನ ತುದಿಯಲ್ಲಿ ಕೂತು ಹೆಗಲ ಮೇಲಿನ ಟವಲನ್ನು ಮೈತುಂಬ ಹೊದ್ದುಕೊಂಡ. ಬಿಸಿ ಕಾಫಿ ಕೈಗೆ ಬಂದ ಮೇಲೆ ಸಂಕೋಚದಿಂದಲೇ ಕೇಳಿದ:

"ಅಕ್ಕಾರ, ನಿಮ್ಮೂರಾಗ ಬ್ಯಾಸಿಗಿ ಯಾವಾಗ ಬರ್ತದ್ರೀ?"

ವೆಂಕಟಗಿರಿ ಬೀಸುವುದನ್ನು ನಿಲ್ಲಿಸಿ, "ಇದೇ ಬೇಸಿಗೆ ಕಣ್ರೀ!" ಎಂದು ಗಹಗಹಿಸಿ ನಕ್ಕರು. ಸತ್ಯವತಿ ಮಾತ್ರ ನಗಲಿಲ್ಲ.

"ಈ ಹೊತ್ತಲ್ಲಿ ನಿಮ್ಮ ಮಿಲ್ಲೊಳಗೆ ಹೇಗಿರುತ್ತೆ?" ಎಂದಳು.

"ಏನ್ ಹೇಳ್ಲಿ ಬಿಡ್ರೀ. ಕಬ್ಬಿಣದ ಬಾಗಿಲ ಮುಟ್ಟಿದ್ರ ಕೈಗೆ ಬೊಬ್ಬಿ ಬರ್ತಾವ್ರೀ."

ಅವಳು ಹಲಗೆಯ ಕಡೆ ತಿರುಗಿದಳು. ಮುಳ್ಳು ಹೊರಡುವ ಜಾಗಕ್ಕೆ ಅವಳು ಇಪ್ಪತ್ತೇಳು ಡಿಗ್ರಿ ಎಂದು ಗುರುತು ಹಾಕಿದ್ದಳು. ಕೋಣೆಯ ಥರ್ಮಾಮೀಟರು ಬಹುಪಾಲು ದಿನ ಅಷ್ಟೇ ತೋರಿಸುತ್ತಿತ್ತು. ಗಾಳಿ ಎಂದರೆ ಎಲ್ಲ ಊರಲ್ಲೂ ರಾಜಾಜಿನಗರದ ಗಾಳಿ! ಗೋಪೀನಾಥರಿಗೂ, ವೆಂಕಟಗಿರಿಗೂ, ಅಲ್ಲಿದ್ದ ಒಬ್ಬರಿಗೂ ಅದು ತಪ್ಪು ಅನ್ನಿಸಿರಲಿಲ್ಲ. ಹುಟ್ಟಿದ್ದೂ ಬೆಳೆದದ್ದೂ ಇದೇ ತಂಪಿನಲ್ಲಿ, ಹೇಗೆ ಅನ್ನಿಸಬೇಕು ಹೇಳಿ? ಅವಳು ಗುರುತನ್ನು ಅಳಿಸಿ, ಮುಳ್ಳು ನಲವತ್ತೇಳರಿಂದ ಹೊರಡುವಂತೆ ಮೇಲಕ್ಕೆ ಸರಿಸಿ ಸ್ವಿಚ್ಚು ಹಾಕಿದಳು. ಹತ್ತಿ ಸಿಕ್ಕಿ ನಿಲ್ಲುವ ಮೋಟಾರನ್ನು ಮತ್ತೆ ಮತ್ತೆ ಶುರು ಮಾಡಿದರೆ ಹೇಗೋ ಹಾಗೆ, ಎಂದಿನಂತೆಯೇ ಬಿಟ್ಟು ಬಿಟ್ಟು ಕರೆಂಟು ಕೊಟ್ಟಳು. ಮುಳ್ಳು ಸರಸರನೆ ಹತ್ತಿ ಕೆಂಪು ಗೆರೆಯನ್ನು ದಾಟಿತು.

"ಸಾರ್, ಹಲಗೇದೇನೂ ತಪ್ಪಿಲ್ಲ. ನಾನೇ ಅದಕ್ಕೆ ನಮ್ಮೂರಿನ ಗಾಳಿ ಕುಡಿಸ್ಬಿಟ್ಟಿದ್ದೆ" ಎಂದಳು ಸತ್ಯವತಿ. ಗೋಪೀನಾಥ್ ಮುಳ್ಳನ್ನೇ ನೋಡುತ್ತ ನಿಂತಿದ್ದರು. "ನಾನೂ ಒಂದ್ಸಲ ಅಲ್ಲಿಗೆ ಹೋಗಿ ನಿಂತವನಲ್ಲ ಬಿಡಮ್ಮಾ. ಈಗೇನ್ ಮಾಡ್ಬೇಕು ಅದನ್ನ ಹೇಳು" ಎಂದರು. ಬಹುವಚನ ಬಿಟ್ಟು ಮನೆಯ ಮಗಳ ಹಾಗೆ ಮಾತಾಡಿಸಿದ್ದು ಅವತ್ತೇ ಮೊದಲು.

ಮೊದಲು ಹಲಗೆಯ ಮೇಲೆ ದೊಡ್ಡ ರೆಕ್ಕೆಗೆ ತಕ್ಕ ಬದಲಾವಣೆ ಮಾಡಿ, ಮುಳ್ಳು ಗೆರೆಯ ಕೆಳಗೆ ನಿಂತದ್ದನ್ನು ನೋಡಿ, ಆಮೇಲೆ ಪೆಟ್ಟಿಗೆ ಕಟ್ಟಿದರು. ವೆಂಕಟಗಿರಿ ಊಟ ಬಿಟ್ಟು ರೆಕ್ಕೆ ಕೂಡಿಸಿದರು. ಅಮರಪ್ಪ ಅದನ್ನು ಮಗುವಿನಂತೆ ಜೋಪಾನ ಮಾಡಿಕೊಂಡು ರೈಲು ಹತ್ತಿದ.

ಆಮೇಲೆ ಕಾಯುವುದು. ಈಗಿನವರಿಗೆ ಆ ಕಾಯುವಿಕೆ ಅರ್ಥವಾಗುವುದಿಲ್ಲ. ಟ್ರಂಕ್ ಕಾಲ್ ಬಂದರೆ ಬಂತು, ಇಲ್ಲವಾದರೆ ಫೋನಿನ ಮುಖ ನೋಡುತ್ತ ಕೂರಬೇಕು. ಸತ್ಯವತಿಗೆ ಅನ್ನ ಸೇರಲಿಲ್ಲ. ಇದೂ ಸುಟ್ಟರೆ ಎಂಬ ಯೋಚನೆಯಲ್ಲಿ ಗೋಪೀನಾಥರ ಮೇಜಿನ ಹತ್ತಿರವೇ ಸುಳಿದಾಡಿದಳು. ಒಂದು ಮಧ್ಯಾಹ್ನ ಫೋನು ಬಡಕೊಂಡಿತು. ಅವಳೇ ಓಡಿಹೋಗಿ ಎತ್ತಿದಳು.

"ಅಕ್ಕಾರ, ಹೊರಗ ಬೆಂಕಿ ಬಿದ್ದಂಗ ಬಿಸಲ್ ಅದ್ರೀ!" ಅಮರಪ್ಪ ಆ ಕಡೆಯಿಂದ ಕೂಗುತ್ತಿದ್ದ. "ಬೆಳಿಗ್ಗಿಂದ ನಿಲ್ಲಸ್ತೀವ್ರಿ, ಹಚ್ಚತೀವ್ರಿ. ನೀವ ಕೇಳ್ರಿ!" ಅವನು ಫೋನನ್ನು ಮಿಲ್ಲಿನ ಬಾಗಿಲ ಕಡೆ ಚಾಚಿದನೆಂದು ಕಾಣುತ್ತದೆ. ಗರಗರ ಸದ್ದಿನ ನಡುವೆ ಮೋಟಾರು ನಿಂತಿತು. ಒಂದು ಕ್ಷಣ ಏನೂ ಇಲ್ಲ. ಸತ್ಯವತಿ ಮೇಜಿನ ಅಂಚು ಹಿಡಿದುಕೊಂಡಳು.

"ಏನಂತೆ? ಏನಂತಮ್ಮಾ?" ಗೋಪೀನಾಥರಿಗೆ ತಡೆಯಲಾಗಲಿಲ್ಲ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವಳು ರಿಸೀವರನ್ನು ಅವರ ಕಿವಿಗೆ ಹಿಡಿದಳು. ಅಷ್ಟು ದೂರದ ಆ ಸುಡುವ ಊರಿನಲ್ಲಿ ಮೋಟಾರು ಮೆಲ್ಲಗೆ ಮತ್ತೆ ಶುರುವಾಗುತ್ತಿತ್ತು.