ಹಮಾಲರ ಟೋಪಿಗೆ ನನ್ನದೊಂದು ಸಲಹೆ

ಕಳೆದ ವಾರ ನಾನೊಂದು ಟೋಪಿ ಹಾಳು ಮಾಡಿದೆ. ಸೂಜಿ ಮುಟ್ಟಲಿಲ್ಲ, ಮಷಿನ್ ಮುಟ್ಟಲಿಲ್ಲ. ಬರೀ ಬಾಯಿಂದ.

ಹಿರೇಕೆರೂರಿನ ನಮ್ಮ ಮನೆಯ ಕೆಳಗೆ ರೇಣುಕಾಳ ಎಂಬ್ರಾಯ್ಡರಿ ಅಂಗಡಿ ಇದೆ. ಸವಣೂರಿನ ಹುಡುಗಿ, ಇಲ್ಲಿಗೆ ಕೊಟ್ಟಿದ್ದಾರೆ. ಮದುವೆ ಸೀಸನ್ನಿನಲ್ಲಿ ಬ್ಲೌಸಿನ ಕೆಲಸ ಕೈತುಂಬ. ಸೀಸನ್ ಮುಗಿಯಿತೋ, ಕಂಪ್ಯೂಟರ್ ಮಷಿನ್ನಿನ ಮೇಲೆ ಬಟ್ಟೆ ಹೊದಿಸಿ ಸುಮ್ಮನೆ ಕೂರುತ್ತಾಳೆ. ಹಾಗೆ ಕೂತಿದ್ದಾಗ ಬಂದವರು ಬಸಪ್ಪ. ಮೆಕ್ಕೆಜೋಳದ ಪೇಟೆಯಲ್ಲಿ ಚೀಲ ಹೊರುವ ಹಮಾಲರಿಗೆ ಮುಖಂಡರು.

ಅವರಿಗೆ ನಲವತ್ತು ಟೋಪಿಗಳ ಮೇಲೆ ಹಳದಿ ದಾರದಲ್ಲಿ 'ಹಮಾಲರು' ಎಂದು ಉಬ್ಬಿದ ಅಕ್ಷರ ಬೇಕಿತ್ತು. ಎರಡು ಟೋಪಿ ಕೊಟ್ಟು, ಮೊದಲು ಸ್ಯಾಂಪಲ್ ತೋರಿಸು ಅಂದರು. ಚಲೋ ಬಂದರೆ ಎಲ್ಲ ಇವಳಿಗೇ. ಇಲ್ಲದಿದ್ದರೆ ಹಾವೇರಿಗೆ ಹೋಗಿ ಪ್ರಿಂಟ್ ಹಾಕಿಸುತ್ತಾರೆ. ಬ್ಲೌಸ್ ಇಲ್ಲದ ತಿಂಗಳಲ್ಲೂ ಮಷಿನ್ ಓಡೀತು ಎಂಬ ಆಸೆಗೆ ರೇಣುಕಾ ಹ್ಞೂಂ ಅಂದಳು.

ಉಬ್ಬು ಅಕ್ಷರ ಅಂದರೆ ಇಷ್ಟೇ. ಟೋಪಿಯ ಮೇಲೆ ಫೋಮ್ ಹಾಳೆ ಇಟ್ಟು ಅದರ ಮೇಲೆ ಒತ್ತೊತ್ತಾಗಿ ಹೊಲಿಯುವುದು. ಸೂಜಿ ಚುಚ್ಚಿದ ಅಂಚಿನಗುಂಟ ಹೊರಗಿನ ಫೋಮ್ ಕಿತ್ತು ಬರುತ್ತದೆ, ಒಳಗಿನದು ಅಕ್ಷರವನ್ನು ಎತ್ತಿ ಹಿಡಿಯುತ್ತದೆ.

ಅಲ್ಲೇ ಕೂತಿದ್ದ ನಾನು, ಬಸಪ್ಪ ಹೋದ ಮೇಲೆ ಸುಮ್ಮನಿರಬಹುದಿತ್ತು. ಆದರೆ ಸುಮ್ಮನಿರುವವನು ಅಂಕಣ ಯಾಕೆ ಬರೆಯುತ್ತಾನೆ? 'ಹಮಾಲರು' ಅಂತ ಯಾರಾದರೂ ತಲೆಯ ಮೇಲೆ ಬರೆಸಿಕೊಳ್ಳುತ್ತಾರಾ, ಗೌರವದ ಹೆಸರು ಇರಲಿ ಅಂದೆ. ಚೀಟಿಯಲ್ಲಿ ಬರೆದೂ ಕೊಟ್ಟೆ: 'ಧಾನ್ಯ ಸಾಗಣೆ ಶ್ರಮಿಕ ಬಾಂಧವರ ಬಳಗ'. (ಎರಡು ಸಲ ಓದಿ ಖುಷಿಪಟ್ಟೆ ಕೂಡ.)

"ಕಾಕಾ, ಇಷ್ಟುದ್ದ ಹಿಡಿಸಬೇಕಂದ್ರ ಅಕ್ಷರ ಸಣ್ಣ ಆಗ್ತಾವ್ರಿ" ಎಂದಳು ರೇಣುಕಾ.

ಎರಡು ಸಾಲು ಮಾಡು, ಅದೇನು ಮಹಾ ಅಂದೆ. ಅವಳು ಚೀಟಿ ತೆಗೆದುಕೊಂಡು ಮಷಿನ್ನಿನ ಕಡೆ ತಿರುಗಿದಳು. ನಾಲ್ಕಕ್ಷರ ಕಲಿತವರು ಹೇಳಿದರೆ ಎದುರಾಡಬಾರದು ಎಂಬ ರೂಢಿ ನಮ್ಮ ಕಡೆ ಇನ್ನೂ ಇದೆ. ಅದರಿಂದ ಎಷ್ಟು ಕೆಲಸ ಕೆಟ್ಟಿವೆಯೋ ಯಾರಿಗೆ ಗೊತ್ತು?

ಇದಂತೂ ಕೆಟ್ಟಿತು. ಸಣ್ಣ ಅಕ್ಷರಕ್ಕೆ ಉಬ್ಬಲು ಜಾಗವೆಲ್ಲಿ? ಸೂಜಿ ಚುಚ್ಚಿ ಚುಚ್ಚಿ ಫೋಮ್ ಪುಡಿಯಾಯಿತು. ಎರಡು ಸೂಜಿ ಮುರಿದವು. ಹಳದಿ ದಾರದ ಸಂದಿಯಿಂದ ಬಿಳಿ ಫೋಮ್ ಇಣುಕಿತು. ಟೋಪಿಯ ಮೇಲೆ ನನ್ನ 'ಶ್ರಮಿಕ ಬಾಂಧವರು' ಒಬ್ಬರ ಮೇಲೊಬ್ಬರು ಬಿದ್ದಿದ್ದರು. ರೇಣುಕಾ ಮುರಿದ ಸೂಜಿಯ ಚೂರು ಆರಿಸಿ ತೆಗೆದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬಸಪ್ಪ ಮರುದಿನವೇ ಬರುವವರಿದ್ದರು, ಉಳಿದದ್ದು ಒಂದೇ ಟೋಪಿ.

ಆಮೇಲೆ ನಾನು ಸ್ಟೂಲಿನ ಮೇಲೆ ಬಾಯಿ ಮುಚ್ಚಿ ಕೂತೆ. ಅವಳು ತನ್ನ ಲೆಕ್ಕದಲ್ಲಿ ಹೋದಳು. ಒಂದೇ ಪದ, ದಪ್ಪ ಅಕ್ಷರ. ಬಿಳಿ ಫೋಮ್ ಬಿಟ್ಟು ಹಳದಿಯದನ್ನೇ ಹುಡುಕಿ ತೆಗೆದಳು, ಇಣುಕಿದರೂ ಗೊತ್ತಾಗಬಾರದಲ್ಲ? ಬ್ಲೌಸಿಗೆ ಹಾಕುವ ಹೊಲಿಗೆ ಇಲ್ಲಿ ನಡೆಯದೆಂದು ಅದನ್ನು ಇನ್ನಷ್ಟು ಒತ್ತಾಗಿಸಿದಳು. ಪ್ರತಿ ಅಕ್ಷರದ ತುದಿಗೂ ಅಡ್ಡ ಹೊಲಿಗೆ ಹಾಕಿ ಫೋಮ್ ಹೊರಬರದಂತೆ ಮುಚ್ಚಿದಳು. ಮಷಿನ್ನಿನ ವೇಗ ಅರ್ಧಕ್ಕಿಳಿಸಿದಳು. ಕೊನೆಗೆ, ಕತ್ತರಿ ಮುಟ್ಟದೆ, ಹೊರಗಿನ ಫೋಮನ್ನು ಕೈಯಿಂದಲೇ ಮೆಲ್ಲಗೆ ಬಿಡಿಸಿದಳು.

ಅಂಚಿನಲ್ಲಿ ಅಲ್ಲಲ್ಲಿ ಚೂರು ಉಳಿದಿದ್ದವು. ಅವಕ್ಕೆ ಬಿಸಿ ಗಾಳಿ ಬೇಕೆಂದಳು. ಮಹಡಿ ಹತ್ತಿ ಹೇರ್ ಡ್ರೈಯರ್ ತಂದುಕೊಟ್ಟೆ. (ನನ್ನ ತಲೆ ಬಲ್ಲವರು ನಗಬೇಡಿ, ಅದು ಹೆಂಡತಿಯದು.) ಚೂರುಗಳು ಸುರುಟಿ ದಾರದೊಳಗೆ ಸೇರಿಕೊಂಡವು. ಅಕ್ಷರ ಎದ್ದು ನಿಂತಿತು. ಇಡೀ ಕೆಲಸದಲ್ಲಿ ನನ್ನಿಂದಾದ ಉಪಕಾರ ಆ ಡ್ರೈಯರ್ ಒಂದೇ.

ಬೆಳಿಗ್ಗೆ ಬಸಪ್ಪ ಬಂದರು. ಅಕ್ಷರದ ಮೇಲೆ ಹೆಬ್ಬೆರಳು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಜೋಳದ ಧೂಳು ಕೂತರೂ ಕಾಣಬೇಕು, ಅದಕ್ಕೇ ಉಬ್ಬು ಕೇಳಿದ್ದು ಎಂದರು. ನಲವತ್ತೂ ಮಾಡು ಎಂದರು. ರೇಣುಕಾ ಮಷಿನ್ನಿಗೆ ಹೊದಿಸುವ ಬಟ್ಟೆಯನ್ನು ಮಡಚಿ ಕಪಾಟಿನಲ್ಲಿ ಇಟ್ಟುಬಿಟ್ಟಳು.

ಅಷ್ಟರಲ್ಲಿ ಕೆಟ್ಟ ಟೋಪಿ ಅವರ ಕಣ್ಣಿಗೆ ಬಿತ್ತು. ರೇಣುಕಾ ನನ್ನ ಮುಖ ನೋಡಿದಳು. ನಿಮಗೆ ಗೌರವ ಇರಲಿ ಅಂತ ನಾನೇ ಬರೆಸಿದ್ದು ಎಂದು ಒಪ್ಪಿಕೊಂಡೆ. ಬಸಪ್ಪ ಅದನ್ನು ಬೆಳಕಿಗೆ ಹಿಡಿದು, ಅಕ್ಷರ ಅಕ್ಷರ ಕೂಡಿಸಿ, ಪೂರ್ತಿ ಓದಿದರು.

"ಲಾರಿ ಬಂದಾಗ ನಮ್ಮನ್ನ ಹಿಂಗ ಯಾರೂ ಕರಿಯಂಗಿಲ್ರಿ ಸರ" ಎಂದರು. ಟೋಪಿ ಕೆಳಗಿಟ್ಟು, "ಹಮಾಲ ಅನ್ನಿಸಿಕೊಳ್ಳಾಕ ನಮಗೇನು ನಾಚಿಕಿ ಇಲ್ಲರಿ."

ಸಿಟ್ಟಿನಿಂದ ಅಂದದ್ದಲ್ಲ. ಇದ್ದದ್ದನ್ನು ಹೇಳಿ ಪೇಟೆಯ ಕಡೆ ಹೊರಟರು. ನನಗೆ ಮಾತ್ರ ಸರಿಯಾಗಿಯೇ ನಾಚಿಕೆಯಾಯಿತು. ಆ ಕೆಟ್ಟ ಟೋಪಿಯನ್ನು ಕೇಳಿ ತಂದುಕೊಂಡಿದ್ದೇನೆ. ಇದನ್ನು ಬರೆಯುವಾಗಲೂ ಮೇಜಿನ ಮೇಲೆ ಕೂತಿದೆ.

ಚೀಲ ಹೊರುವವರಿಗೆ ಭಾರವಾಗದ ಹೆಸರು, ಕೂತು ಬರೆಯುವ ನನಗೇಕೆ ಭಾರವಾಗಿತ್ತು?